ಹಾಸಿಗೆಯ ಮೇಲಿಟ್ಟ ತೂಕದ ಯಂತ್ರ: ಏಳು ತಿಂಗಳ ಮಗುವೊಂದರ ಬೆಳವಣಿಗೆಯ ಪ್ರಕರಣ

ಗುರುತು ಸಿಗದಂತೆ ಮನೆ, ಕೆಲಸ, ಸಂಬಂಧಗಳ ವಿವರ ಬದಲಿಸಿದೆ. ಮನೆಯವರು ಕರೆಯುತ್ತಿದ್ದ ಹಾಗೆ ಮಗುವನ್ನು ಇಲ್ಲಿಯೂ ಪಾಪು ಎಂದೇ ಕರೆಯೋಣ.

ಹಿನ್ನೆಲೆ

ಪೀಣ್ಯದ ಕಡೆ ಬಾಡಿಗೆ ಮನೆಯಲ್ಲಿರುವ ಕುಟುಂಬ. ತಂದೆ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ತಾಯಿ ಸಣ್ಣ ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವವರು. ತಾಯಿಯ ಅಮ್ಮ ತುಮಕೂರು ಕಡೆಯಿಂದ ಬಾಣಂತನಕ್ಕೆಂದು ಬಂದು, ಮಗಳು ಕೆಲಸಕ್ಕೆ ಹೋಗಬೇಕಲ್ಲ ಎಂದು ಉಳಿದುಕೊಂಡವರು. ಪಾಪು ಮೊದಲನೇ ಮಗು, ಹೆಣ್ಣು. 38 ವಾರ ತುಂಬಿ ಸಹಜ ಹೆರಿಗೆಯಲ್ಲಿ ಹುಟ್ಟಿದಾಗ 2.80 ಕಿಲೋ. ನಾಲ್ಕನೇ ದಿನ 2.62ಕ್ಕೆ ಇಳಿದು ಎರಡು ವಾರಕ್ಕೆ 2.86 ಆಯಿತು. ಮೊದಲ ದಿನಗಳಲ್ಲಿ ಹುಟ್ಟಿದ ತೂಕದ ಶೇ 7ರವರೆಗೆ ಇಳಿಯುವುದು, 10ರಿಂದ 14 ದಿನಗಳಲ್ಲಿ ಮತ್ತೆ ಆ ತೂಕಕ್ಕೆ ಬರುವುದು ಬಹುತೇಕ ಮಕ್ಕಳಲ್ಲಿ ನಡೆಯುವಂಥದ್ದೇ.

ಆಮೇಲಿನ ತೂಕಗಳು ತಾಯಿ ಕಾರ್ಡ್‌ನಲ್ಲಿ ಇವೆ. ಆರನೇ ವಾರದ ಲಸಿಕೆಗೆ ಹೋದಾಗ 3.90, ಹತ್ತನೇ ವಾರಕ್ಕೆ 4.70, ಹದಿನಾಲ್ಕನೇ ವಾರಕ್ಕೆ 5.50. ಬರೀ ಎದೆಹಾಲು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ನಕ್ಷೆಯಲ್ಲಿ ಇಟ್ಟು ನೋಡಿದರೆ ಪಾಪು ಮಧ್ಯದ ಗೆರೆಗಿಂತ ಒಂದು ಹಂತ ಕೆಳಗೆ, −1 ಎಂದು ಗುರುತಿಸುವ ಗೆರೆಯ ಆಸುಪಾಸಿನಲ್ಲಿ ನೆಟ್ಟಗೆ ಮೇಲಕ್ಕೆ ಹೋಗುತ್ತಿದ್ದಳು. ತಾಯಿಯ ಎತ್ತರ 150 ಸೆಂ.ಮೀ., ತಂದೆಯದು 163. ಈ ಮನೆಯ ಮಗುವಿಗೆ ಆ ಗೆರೆ ಸಹಜವೇ. ನಾಲ್ಕು ತಿಂಗಳು ಮುಟ್ಟುವವರೆಗೆ ತೊಂದರೆ ಎನ್ನುವಂಥದ್ದು ಏನೂ ಇರಲಿಲ್ಲ.

ಇಲ್ಲದ ಇಳಿಕೆ

ಪಕ್ಕದ ಮನೆಯಲ್ಲಿ ಅದೇ ತಿಂಗಳು ಹುಟ್ಟಿದ ಗಂಡು ಮಗು ಏಳು ಕಿಲೋ ದಾಟಿತ್ತು. ‘ಪಾಪು ಯಾಕೋ ಸೊರಗಿದ್ದಾಳೆ, ಕುಡಿದಿದ್ದು ಮೈಗೆ ಹತ್ತುತ್ತಿಲ್ಲ’ ಎಂಬ ಮಾತು ಎರಡು ಸಲ ಬಂದ ಮೇಲೆ ತಂದೆ ಆನ್‌ಲೈನ್‌ನಲ್ಲಿ ಮಗುವಿನ ತೂಕದ ಯಂತ್ರ ತರಿಸಿದರು. ಮಗುವಿಗೆ ನೆಲ ತಣ್ಣಗಾದೀತೆಂದು ಅದನ್ನು ಮಂಚದ ಹಾಸಿಗೆಯ ಮೇಲಿಟ್ಟು, ಬಟ್ಟೆ ಬಿಚ್ಚಿ ತೂಗಿದರು. ಹದಿನೇಳನೇ ವಾರಕ್ಕೆ ಯಂತ್ರ ತೋರಿಸಿದ್ದು 5.25. ಕಾರ್ಡ್‌ನಲ್ಲಿ ಮೂರು ವಾರದ ಹಿಂದೆಯೇ 5.50 ಇದೆ. ಕಾಲು ಕಿಲೋ ಇಳಿದಿದೆ ಎಂದು ಮನೆಯೆಲ್ಲ ಗಾಬರಿಯಾಯಿತು.

ಈ ಇಳಿಕೆ ನಡೆದೇ ಇರಲಿಲ್ಲ ಎಂಬುದು ಮೂರು ತಿಂಗಳ ನಂತರ ತಿಳಿಯಿತು. ಹದಿನಾಲ್ಕನೇ ವಾರದ ತೂಕ ಜನವರಿಯ ಚಳಿಯ ಬೆಳಿಗ್ಗೆ ತೆಗೆದದ್ದು. ಪಾಪು ಸ್ವೆಟರ್, ಕುಲಾವಿ, ಕಾಲುಚೀಲ, ಜೊತೆಗೆ ಒದ್ದೆ ಡೈಪರ್ ಹಾಕಿಕೊಂಡಿದ್ದಳು. ಅವನ್ನೇ ಬೇರೆ ತೂಗಿದಾಗ, ಡೈಪರ್ ಸೇರಿ, 210 ಗ್ರಾಂ. ಎಂದರೆ ಅಂದಿನ ನಿಜವಾದ ತೂಕ 5.29ರ ಸುಮಾರು. ಮನೆಯ ಯಂತ್ರದ ದೋಷ ಇನ್ನೂ ದೊಡ್ಡದು. ಇಂಥ ಯಂತ್ರಗಳಲ್ಲಿ ಭಾರ ಅಳೆಯುವ ಭಾಗ ನಾಲ್ಕು ಕಾಲುಗಳಲ್ಲಿರುತ್ತದೆ. ಮೆತ್ತನೆಯ ಹಾಸಿಗೆಯಲ್ಲಿ ಕಾಲುಗಳು ಹೂತುಕೊಂಡು ಯಂತ್ರದ ಹೊಟ್ಟೆ ಹಾಸಿಗೆಗೆ ತಾಗಿದಾಗ ಭಾರದ ಒಂದು ಪಾಲನ್ನು ಹಾಸಿಗೆಯೇ ಹೊರುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ಸೀಲ್ ಒಡೆಯದ ಐದು ಕಿಲೋ ಅಕ್ಕಿ ಚೀಲವನ್ನು ಅದರ ಮೇಲಿಟ್ಟು ನೋಡಿದಾಗ ಹಾಸಿಗೆಯಲ್ಲಿ 4.62, ಗಟ್ಟಿ ನೆಲದಲ್ಲಿ 5.03. ಆ ವ್ಯತ್ಯಾಸ ಸೇರಿಸಿದರೆ ಹದಿನೇಳನೇ ವಾರದಲ್ಲಿ ಪಾಪು ಇದ್ದದ್ದು 5.66ರ ಹತ್ತಿರ. ಮೂರು ವಾರದಲ್ಲಿ 370 ಗ್ರಾಂ ಏರಿಕೆ, ದಿನಕ್ಕೆ ಹದಿನೇಳು ಹದಿನೆಂಟು ಗ್ರಾಂ. ಮೂರರಿಂದ ಆರು ತಿಂಗಳ ಮಗುವಿಗೆ ಇದು ಇರಬೇಕಾದ ವೇಗವೇ.

ಆಗ ಇದನ್ನು ನೋಡಿದವರಿಲ್ಲ. ‘ಹಾಲು ಸಾಲುತ್ತಿಲ್ಲ’ ಎಂದು ಮನೆಯಲ್ಲೇ ತೀರ್ಮಾನವಾಯಿತು, ಬಾಟಲಿಯಲ್ಲಿ ಡಬ್ಬಿ ಹಾಲು ಶುರುವಾಯಿತು. ಮೊದಲು ದಿನಕ್ಕೆ ಒಂದು, ಆಮೇಲೆ ಮೂರು. ಬಾಟಲಿ ಕುಡಿದು ಮಲಗಿದ ಮಗು ಎದೆ ಚೀಪುವುದಿಲ್ಲ, ಚೀಪದಿದ್ದರೆ ಹಾಲು ಊರುವುದೂ ಕಡಿಮೆಯಾಗುತ್ತದೆ. ಕೆಲವೇ ವಾರಗಳಲ್ಲಿ ಎದೆ ತುಂಬಿ ಬರುವುದು ನಿಂತಿತು, ಹಾಲು ಸಾಲುತ್ತಿಲ್ಲ ಎಂಬ ಮಾತು ಈಗ ನಿಜವಾಯಿತು. ತೂಗಿದಾಗಲೆಲ್ಲ ತಾಯಿ ಅಳುತ್ತಿದ್ದರಿಂದ ತಂದೆ ಹತ್ತೊಂಬತ್ತನೇ ವಾರಕ್ಕೆ ಯಂತ್ರವನ್ನು ಅಟ್ಟಕ್ಕೆ ಎತ್ತಿಟ್ಟರು. 23ನೇ ವಾರಕ್ಕೆ ರಜೆ ಮುಗಿದು ತಾಯಿ ಕೆಲಸಕ್ಕೆ ಹೋದರು. ಹಗಲಿನ ಬಾಟಲಿಗಳೆಲ್ಲ ಅಜ್ಜಿಯ ಕೈಗೆ ಬಂದವು.

ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಹದಿನಾಲ್ಕನೇ ವಾರದ ನಂತರದ ಲಸಿಕೆ ಒಂಬತ್ತನೇ ತಿಂಗಳಿಗೆ. ನಡುವಿನ ಸುಮಾರು ಆರು ತಿಂಗಳು, ಎಂದರೆ ಎದೆಹಾಲಿನಿಂದ ಊಟಕ್ಕೆ ಹೊರಳುವ ಇಡೀ ಅವಧಿ, ಮಗುವನ್ನು ಯಾರೂ ತೂಗದೆ ಕಳೆದುಹೋಗಬಹುದು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗುತ್ತಾರೆ. ಆದರೆ ಬಾಡಿಗೆ ಮನೆ ಬದಲಿಸುವ, ಅಂಗನವಾಡಿ ನಮಗಲ್ಲ ಎಂದುಕೊಂಡಿರುವ ಬೆಂಗಳೂರಿನ ಎಷ್ಟೋ ಕುಟುಂಬಗಳು ಅಲ್ಲಿಗೆ ಹೋಗುವುದಿಲ್ಲ. ಈ ಕುಟುಂಬವೂ ಹೋಗಿರಲಿಲ್ಲ.

ಮೂವತ್ತನೇ ವಾರ

ನೆಗಡಿ, ಜ್ವರಕ್ಕೆಂದು ಕ್ಲಿನಿಕ್‌ಗೆ ಕರೆತಂದಾಗ ಬಟ್ಟೆಯಿಲ್ಲದೆ ತೂಗಿದ ತೂಕ 6.05. ಮನೆಯವರಿಗೆ ಸಮಾಧಾನವಾಗಿತ್ತು: 5.25 ಇದ್ದದ್ದು 6.05 ಆಗಿದೆ, ಡಬ್ಬಿ ಹಾಲು ಕೈ ಹಿಡಿದಿದೆ, 800 ಗ್ರಾಂ ಬಂದಿದೆ. ಕಾರ್ಡ್‌ನ ನಕ್ಷೆಯಲ್ಲೂ ಚುಕ್ಕೆ ಇನ್ನೂ ಸಹಜ ತೂಕವನ್ನು ಸೂಚಿಸುವ ಹಸಿರು ಪಟ್ಟಿಯಲ್ಲೇ ಬಿತ್ತು. ಏಳು ತಿಂಗಳ ಹೆಣ್ಣು ಮಗುವಿಗೆ ಹಸಿರು ಮುಗಿಯುವುದು 6.0ರಲ್ಲಿ.

ಮಕ್ಕಳ ವೈದ್ಯರು ಬಣ್ಣ ನೋಡಿ ಬಿಡದೆ ಹಳೆಯ ಚುಕ್ಕೆಗಳನ್ನೆಲ್ಲ ಸೇರಿಸಿ ಗೆರೆ ಎಳೆದರು. ಪ್ರಕರಣ ತಿರುಗಿದ್ದು ಅಲ್ಲಿ. −1 ಗೆರೆಯ ಮೇಲಿದ್ದ ಮಗು −2 ಗೆರೆಗೆ ಬಂದು ನಿಂತಿದೆ. ತನ್ನ ಗೆರೆಯಲ್ಲೇ ಬೆಳೆದಿದ್ದರೆ 17ನೇ ವಾರದಿಂದ ಈಚೆಗೆ 1.1 ಕಿಲೋ ಏರಬೇಕಿತ್ತು. 800 ಗ್ರಾಂ ಎಂಬುದನ್ನು ನಂಬಿದರೂ ಕೊರತೆಯೇ. ಯಂತ್ರದ ವಿಷಯ ಕೇಳಿ ಅದನ್ನು ತರಿಸಿ ಅಕ್ಕಿ ಚೀಲ ಇಟ್ಟು ನೋಡಿದ ಮೇಲೆ ಲೆಕ್ಕ ಇನ್ನೂ ಕೆಟ್ಟಿತು. ನಿಜವಾದ ಏರಿಕೆ ಹದಿಮೂರು ವಾರಕ್ಕೆ 400 ಗ್ರಾಂ ಕೂಡ ಇಲ್ಲ, ದಿನಕ್ಕೆ ನಾಲ್ಕೇ ಗ್ರಾಂ. ಇಲ್ಲದ ಇಳಿಕೆಯನ್ನು ತೋರಿಸಿದ ಅದೇ ಯಂತ್ರ ಇದ್ದ ಕುಸಿತವನ್ನು ಮುಚ್ಚಿಟ್ಟಿತ್ತು.

‘ಈ ಚಾರ್ಟ್ ಫಾರಿನ್ ಮಕ್ಕಳದ್ದಲ್ಲವಾ ಡಾಕ್ಟ್ರೇ?’ ಎಂದು ತಂದೆ ಕೇಳಿದರು. ಬಹಳ ಮನೆಗಳಲ್ಲಿ ಇರುವ ಅನುಮಾನವಿದು. 2006ರಲ್ಲಿ ಪ್ರಕಟವಾದ ಈ ನಕ್ಷೆಗೆ ಅಳತೆ ತೆಗೆದ ಆರು ದೇಶಗಳಲ್ಲಿ ಭಾರತವೂ ಒಂದು; ದಕ್ಷಿಣ ದೆಹಲಿಯ ಮಕ್ಕಳು ಅದರಲ್ಲಿದ್ದಾರೆ. ಎದೆಹಾಲು, ಸರಿಯಾದ ಊಟ, ಹೊಗೆಯಿಲ್ಲದ ಮನೆ ಇದ್ದರೆ ಮೊದಲ ಐದು ವರ್ಷ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ.

ಉದ್ದ 65 ಸೆಂ.ಮೀ., −1 ಗೆರೆಯ ಮೇಲೇ ಇದೆ. ತಲೆಯ ಸುತ್ತಳತೆಯೂ ಹಿಂದುಳಿದಿಲ್ಲ. ತೋಳಿನ ಸುತ್ತಳತೆ 12.3 ಸೆಂ.ಮೀ. ಉದ್ದ, ತಲೆ ಎರಡೂ ನಿಂತಲ್ಲಿ ನಿಂತು ತೂಕ ಮಾತ್ರ ಕುಸಿದಿದ್ದರೆ ಮೊದಲು ಹುಡುಕಬೇಕಾದದ್ದು ಆಹಾರದ ಕೊರತೆಯನ್ನು. ಉದ್ದವೇ ಮೊದಲು ಹಿಂದೆ ಬಿದ್ದಿದ್ದರೆ ಹಾರ್ಮೋನ್, ಮೂಳೆ, ವಂಶವಾಹಿಗಳ ಕಡೆ ನೋಡಬೇಕಾಗುತ್ತಿತ್ತು. ಹಾಲು ಕುಡಿಯುವಾಗ ಬೆವರುವುದು, ಏದುಸಿರು, ಪದೇ ಪದೇ ವಾಂತಿ, ರಕ್ತ ಬೆರೆತ ಮಲ ಯಾವುದೂ ಇರಲಿಲ್ಲ. ಹೃದಯದ ಸದ್ದು ಸರಿಯಿತ್ತು. ಆದ್ದರಿಂದ ಸ್ಕ್ಯಾನ್‌ಗಳ ಉದ್ದ ಪಟ್ಟಿ ಬರೆಯದೆ ಮೂರೇ ಪರೀಕ್ಷೆ ಮಾಡಿಸಿದರು: ರಕ್ತ, ಮೂತ್ರ ಮತ್ತು ಮೂತ್ರದ ಕಲ್ಚರ್, ಥೈರಾಯ್ಡ್. ಜ್ವರ ಬಂದ ಕೂಸಿನ ಮೂತ್ರದ ಸೋಂಕು ಹೊರಗೆ ಕಾಣದೆಯೇ ತೂಕ ತಿನ್ನುತ್ತದೆ, ಹಾಗಾಗಿ ಕಲ್ಚರ್ ಬಿಡುವಂತಿಲ್ಲ. ಅದು, ಥೈರಾಯ್ಡ್ ಎರಡೂ ಸರಿ. ಹಿಮೋಗ್ಲೋಬಿನ್ ಮಾತ್ರ 9.6, ರಕ್ತಹೀನತೆ.

ತೋಳಿನ ಅಳತೆ 11.5ಕ್ಕಿಂತ ಕಡಿಮೆಯಿದ್ದು, ಮಗು ಮಂಕಾಗಿದ್ದಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕಾಗುತ್ತಿತ್ತು. ಪಾಪು ಚುರುಕಾಗಿದ್ದಳು, ಕೊಟ್ಟದ್ದನ್ನೆಲ್ಲ ಕುಡಿಯುತ್ತಿದ್ದಳು. ಮನೆಯಲ್ಲೇ ಸರಿಪಡಿಸಲು ನಿರ್ಧಾರವಾಯಿತು.

ಡಬ್ಬಿ ಎಷ್ಟು ದಿನ ಬರುತ್ತದೆ?

‘ಹಾಲು ಹೇಗೆ ಕಲಸುತ್ತೀರಿ?’ ಎಂಬ ಪ್ರಶ್ನೆಗೆ ‘ಡಬ್ಬಿ ಮೇಲೆ ಬರೆದ ಹಾಗೇ’ ಎಂಬ ಉತ್ತರ ಬಂತು. ಇದೇ ಉತ್ತರ ಎಲ್ಲರಿಂದಲೂ ಬರುತ್ತದೆ. ಆಹಾರ ಸಲಹೆಗಾರ್ತಿ ಇನ್ನೊಂದು ದಾರಿಯಿಂದ ಕೇಳಿದರು: ದಿನಕ್ಕೆ ಎಷ್ಟು ಬಾಟಲಿ, 400 ಗ್ರಾಂ ಡಬ್ಬಿ ಎಷ್ಟು ದಿನಕ್ಕೆ ಖಾಲಿ? 150 ಮಿ.ಲೀ.ನ ನಾಲ್ಕು ಬಾಟಲಿ, ಡಬ್ಬಿ ಒಂದು ವಾರಕ್ಕೂ ಮೇಲೆ ಬರುತ್ತದೆ ಎಂದರು. ಆ ಡಬ್ಬಿಯ ಅಳತೆ 30 ಮಿ.ಲೀ. ನೀರಿಗೆ ಒಂದು ಚಮಚ, ಚಮಚಕ್ಕೆ ಸುಮಾರು 4.5 ಗ್ರಾಂ. ನಾಲ್ಕು ಬಾಟಲಿಗೆ ಇಪ್ಪತ್ತು ಚಮಚ, 90 ಗ್ರಾಂ. ಸರಿಯಾಗಿ ಕಲಸಿದರೆ ನಾಲ್ಕೂವರೆ ದಿನಕ್ಕೆ ಡಬ್ಬಿ ಮುಗಿಯಬೇಕು.

ಅಜ್ಜಿಯ ಕೈಯಲ್ಲೇ ಒಂದು ಬಾಟಲಿ ಮಾಡಿಸಿದರು. ನೀರು 150ರ ಗೆರೆಯವರೆಗೆ ಹಾಕಿದರು, ಚಮಚ ತುಂಬಿ ಅಂಚಿಗೆ ಒರೆಸಿ ಸಮ ಮಾಡಿದರು, ಮೂರು ಹಾಕಿ ಡಬ್ಬಿ ಮುಚ್ಚಿದರು. ಕೈಯಲ್ಲಿ ಅವಸರವಾಗಲಿ ಅಜಾಗರೂಕತೆಯಾಗಲಿ ಇರಲಿಲ್ಲ. ‘ಐದು ಹಾಕಿದ್ರೆ ಉಷ್ಣ ಆಗುತ್ತೆ ಕಣಮ್ಮ, ಎರಡು ದಿನ ಪಾಪು ಕಕ್ಕಕ್ಕೆ ತಿಣುಕಿತ್ತು. ಅದಕ್ಕೇ ತೆಳ್ಳಗೆ ಮಾಡಿದೆ’ ಎಂದರು. ಮಗಳ ಸಂಬಳದಲ್ಲಿ ಡಬ್ಬಿಗೇ ಎಷ್ಟು ಹೋಗುತ್ತದೆಂಬ ಲೆಕ್ಕವೂ ಅವರ ಮನಸ್ಸಿನಲ್ಲಿತ್ತು ಎಂಬುದು ಆಮೇಲೆ ಮಾತಿನಲ್ಲಿ ಬಂತು.

ಸರಿಯಾಗಿ ಕಲಸಿದ 600 ಮಿ.ಲೀ. ಹಾಲಿನಲ್ಲಿ ಸುಮಾರು 400 ಕಿಲೋಕ್ಯಾಲೊರಿ ಇರುತ್ತದೆ. ಐದರ ಬದಲು ಮೂರು ಚಮಚವಾದರೆ 240. ಪಾಪುವಿಗೆ ದಿನಕ್ಕೆ ಕಡಿಮೆಯೆಂದರೂ ಐನೂರು ಬೇಕು. ಆರು ತಿಂಗಳಿಗೆ ಸರಿಯಾಗಿ ಶುರು ಮಾಡಿದ್ದ ರಾಗಿ ಸರಿಯ ಕಥೆಯೂ ಇದೇ. ಲೋಟ ನೀರಿಗೆ ಒಂದು ಟೀ ಚಮಚ ಹಿಟ್ಟು, ಸೋಸಿ, ನಿಪ್ಪಲ್‌ನ ತೂತು ದೊಡ್ಡದು ಮಾಡಿ ಬಾಟಲಿಯಲ್ಲೇ ಕುಡಿಸುವುದು. ಆ ಒಂದು ಬಾಟಲಿ ಸರಿಯಿಂದ ಹದಿಮೂರು ಹದಿನಾಲ್ಕು ಕ್ಯಾಲೊರಿ ಸಿಕ್ಕರೆ ಹೆಚ್ಚು. ಮಗುವಿನ ಹೊಟ್ಟೆ ನೀರಿನಿಂದ ತುಂಬುತ್ತಿತ್ತು.

ಮೂತ್ರದ ಲೆಕ್ಕವೂ ಇಲ್ಲಿ ದಾರಿ ತಪ್ಪಿಸಿತು. ದಿನಕ್ಕೆ ಆರೇಳು ಸಲ ಮೂತ್ರ ಮಾಡಿದರೆ ಹಾಲು ಸಾಲುತ್ತಿದೆ ಎನ್ನುವುದು ಬರೀ ಎದೆಹಾಲು ಕುಡಿಯುವ ಕೂಸಿಗೆ ಒಳ್ಳೆಯ ಗುರುತು. ನೀರು ಬೆರೆಸಿದ ಹಾಲು ಕುಡಿಯುವ ಮಗುವೂ ಡೈಪರ್ ತುಂಬ ಒದ್ದೆ ಮಾಡುತ್ತದೆ. ಇನ್ನೂ ತೆಳ್ಳಗಾಗಿದ್ದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವೂ ಇತ್ತು. ಹಾಗೆಂದು ಬೇಗ ತೂಕ ಬರಲಿ ಎಂದು ಗಟ್ಟಿಯಾಗಿ ಕಲಸುವುದೂ ಸಲ್ಲ; ಅದು ಮಗುವಿನ ಮೂತ್ರಪಿಂಡಕ್ಕೆ ಹೊರೆ, ಮೈಯ ನೀರಿನಂಶ ಕಡಿಮೆಯಾಗುತ್ತದೆ.

ಮಾಡಿದ್ದು

ಡಬ್ಬಿ ಹಾಲನ್ನು ಒಮ್ಮೆಗೇ ನಿಲ್ಲಿಸಿ ಎದೆಹಾಲಿಗೆ ಮರಳಬೇಕೆ ಎಂಬ ಚರ್ಚೆಯಾಯಿತು. ಎದೆಹಾಲು ಕಡಿಮೆಯಾಗಿ ಮೂರು ತಿಂಗಳಾಗಿದೆ, ಮಗು −2 ಗೆರೆಯಲ್ಲಿದೆ. ಹಾಲು ಮತ್ತೆ ಊರುವವರೆಗೆ ಕಾಯುವಷ್ಟು ಕಾಲಾವಕಾಶವಿಲ್ಲ ಎಂದು ವೈದ್ಯರು ಹೇಳಿದರು. ಡಬ್ಬಿ ಹಾಲು ಸರಿಯಾದ ಅಳತೆಯಲ್ಲಿ ಮುಂದುವರಿಸಿ, ಜೊತೆಯಲ್ಲೇ ಎದೆಹಾಲು ಹೆಚ್ಚಿಸುವುದು ಎಂದಾಯಿತು. ಈ ನಿರ್ಧಾರ ಸರಿಯೆಂದೇ ಹೇಳಬೇಕು.

ಕಲಸುವ ಕ್ರಮವನ್ನು ಅಜ್ಜಿಗೆ ಬರೆದುಕೊಡಲಿಲ್ಲ, ಮಾಡಿ ತೋರಿಸಿ, ಅವರಿಂದಲೇ ಮೂರು ಸಲ ಮಾಡಿಸಿದರು. ಕುದಿಸಿ ಅರ್ಧ ಗಂಟೆಯೊಳಗಿನ ಬಿಸಿ ನೀರು ಮೊದಲು, ಪುಡಿ ಆಮೇಲೆ. ಪುಡಿ ಮೊದಲು ಹಾಕಿದರೆ ನೀರಿನ ಅಳತೆ ತಪ್ಪುತ್ತದೆ. ಕಲಸಿದ ಮೇಲೆ ನಲ್ಲಿಯ ಕೆಳಗೆ ಹಿಡಿದು ಆರಿಸಿ, ಮುಂಗೈ ಮೇಲೆ ತೊಟ್ಟಿಕ್ಕಿಸಿ ನೋಡಿ ಕುಡಿಸುವುದು. ಎರಡು ಗಂಟೆ ದಾಟಿದ್ದನ್ನು ಚೆಲ್ಲುವುದು. ಬಾಟಲಿಯ ಬದಲು ಸಣ್ಣ ಸ್ಟೀಲ್ ಲೋಟ. ಮನೆಯಲ್ಲಿ ಹಳೆಯ ಬೆಳ್ಳಿ ಒಳಲೆ ಇತ್ತು. ಏಳು ತಿಂಗಳಿಗೆ ಅದು ಸಾಲದು, ಆದರೆ ಲೋಟ ರೂಢಿಯಾಗುವವರೆಗೆ ಉಪಯೋಗಕ್ಕೆ ಬಂತು.

ತಾಯಿ ಕೆಲಸಕ್ಕೆ ಹೊರಡುವ ಮುಂಚೆ, ಬಂದ ಕೂಡಲೇ, ರಾತ್ರಿ ಎರಡು ಸಲ ಎದೆಗೆ ಹಾಕಿಕೊಳ್ಳುವುದು, ಕಚೇರಿಯಲ್ಲಿ ಎರಡು ಸಲ ಹಾಲು ಹಿಂಡಿ ತೆಗೆಯುವುದು. 50 ಜನಕ್ಕಿಂತ ಕಡಿಮೆ ಇರುವ ಕಚೇರಿಯಾದ್ದರಿಂದ ಶಿಶುಪಾಲನಾ ಕೊಠಡಿ ಇರಬೇಕೆಂಬ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಆದರೆ ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಮಾಮೂಲಿ ವಿರಾಮದ ಜೊತೆಗೆ ಇನ್ನೆರಡು ವಿರಾಮಕ್ಕೆ ಅವಕಾಶವಿದೆ. ತಾಯಿಗೆ ಇದು ಗೊತ್ತಿರಲಿಲ್ಲ. ಕೇಳಿದಾಗ ಕಚೇರಿಯವರು ಕೊಟ್ಟರು. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆಯೊಳಗೆ, ಇಲ್ಲವಾದರೆ ಫ್ರಿಜ್‌ಗೆ.

ಊಟದಲ್ಲಿ ಮಾಡಿದ ಬದಲಾವಣೆಯೇ ಹೆಚ್ಚು ಫಲ ಕೊಟ್ಟಿತು. ದಿನಕ್ಕೆ ಮೂರು ಸಲ, ಚಮಚದಿಂದ, ಬಟ್ಟಲಿನಲ್ಲಿ. ರಾಗಿ ಸರಿಗೆ ಎರಡು ಊಟದ ಚಮಚ ಹಿಟ್ಟು, ಮುಕ್ಕಾಲು ಲೋಟ ನೀರು, ಇಳಿಸಿದ ಮೇಲೆ ಒಂದು ಟೀ ಚಮಚ ತುಪ್ಪ. ಆ ತುಪ್ಪವೊಂದರಿಂದಲೇ 45 ಕ್ಯಾಲೊರಿ. ಚಮಚ ಓರೆ ಮಾಡಿದರೆ ಸರಿ ಹರಿದುಹೋಗಬಾರದು, ಜಾರಿ ಬೀಳಬೇಕು. ಇಷ್ಟು ಗಟ್ಟಿಯಾದದ್ದನ್ನು ಪಾಪು ಮೊದಲ ವಾರ ಉಗುಳಿದಳು. ನೀರು ಸೇರಿಸದೆ ಅದನ್ನು ಸಡಿಲ ಮಾಡುವ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ: ಮೊಳಕೆ ರಾಗಿ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇರುತ್ತದೆ. ಗಟ್ಟಿಯಾಗಿ ಬೇಯಿಸಿದ ಸರಿ ಸ್ವಲ್ಪ ಆರಿದ ಮೇಲೆ ಈ ಹಿಟ್ಟು ಅರ್ಧ ಚಮಚ ಕಲಸಿ ಹತ್ತು ನಿಮಿಷ ಬಿಟ್ಟರೆ ಸರಿ ತಾನಾಗಿ ಇಳಿಯುತ್ತದೆ. ಆಮೇಲೆ ಇನ್ನೊಮ್ಮೆ ಕುದಿಸಬೇಕು. ಘಮ ಬರುವಂತೆ ಚೆನ್ನಾಗಿ ಹುರಿದ ಹಿಟ್ಟಿನಲ್ಲಿ ಈ ಗುಣ ಉಳಿಯುವುದಿಲ್ಲ. ಅಜ್ಜಿ ಹುರಿದೇ ಬೀಸಿಸುತ್ತಿದ್ದರು, ಒಂದು ಪಾಲು ಹುರಿಯದೆ ಬೇರೆ ಡಬ್ಬಿಯಲ್ಲಿ ಇಟ್ಟರು.

ಮಧ್ಯಾಹ್ನ ಎರಡು ಪಾಲು ಅಕ್ಕಿಗೆ ಒಂದು ಪಾಲು ಹೆಸರುಬೇಳೆ, ಕುಂಬಳಕಾಯಿ ಅಥವಾ ಸೊಪ್ಪು ಹಾಕಿ ಬೇಯಿಸಿ ಮಸೆದದ್ದು. ಮೊಟ್ಟೆ ತಿನ್ನುವ ಮನೆಯಾದ್ದರಿಂದ ದಿನ ಬಿಟ್ಟು ದಿನ ಪೂರ್ತಿ ಬೇಯಿಸಿದ ಮೊಟ್ಟೆಯ ಅರ್ಧ ಭಾಗ. ಸಕ್ಕರೆ, ಬೆಲ್ಲ, ಜೇನುತುಪ್ಪ, ಗ್ರೈಪ್ ವಾಟರ್ ಬೇಡ. ತೂಕದ ಟಾನಿಕ್ ಕೇಳಿದರು, ಬರೆದುಕೊಡಲಿಲ್ಲ. ರಕ್ತಹೀನತೆಗೆ ತೂಕಕ್ಕೆ ತಕ್ಕಂತೆ ಕಬ್ಬಿಣದ ಡ್ರಾಪ್ಸ್, ಹಾಲಿನ ಜೊತೆ ಕೊಡಬಾರದೆಂಬ ಸೂಚನೆಯೊಂದಿಗೆ.

ತೂಕ ಎರಡು ವಾರಕ್ಕೊಮ್ಮೆ, ಕ್ಲಿನಿಕ್‌ನ ಒಂದೇ ಯಂತ್ರದಲ್ಲಿ, ಬರೀ ಮೈಯಲ್ಲಿ, ಹಾಲು ಕುಡಿಸುವ ಮುಂಚೆ. ಮನೆಯ ಯಂತ್ರ ಅಟ್ಟದಲ್ಲೇ ಇರಲಿ ಎಂದರು. ದಿನವೂ ತೂಗಿದರೆ ಕಾಣುವುದು ಮಗುವಿನ ಏರಿಳಿತವಲ್ಲ, ಮಲಮೂತ್ರದ ಏರಿಳಿತ.

ನಡೆದದ್ದು

32ನೇ ವಾರಕ್ಕೆ 6.32. ದಿನಕ್ಕೆ ಹತ್ತೊಂಬತ್ತು ಗ್ರಾಂ, ಹಿಂದೆ ಬಿದ್ದ ಮಗು ಎದ್ದು ಓಡುವ ವೇಗ. 34ನೇ ವಾರಕ್ಕೆ 6.40, ಎರಡು ವಾರಕ್ಕೆ 80 ಗ್ರಾಂ ಮಾತ್ರ. ನಾಲ್ಕು ದಿನ ಭೇದಿಯಾಗಿತ್ತು. ಹೊರಗೆ ಹೋಗುವಾಗ ಇನ್ನೂ ಬಾಟಲಿಯೇ ಬಳಕೆಯಲ್ಲಿತ್ತು, ಬೆಳಿಗ್ಗೆ ಕಲಸಿದ್ದನ್ನು ಮಧ್ಯಾಹ್ನ ಕುಡಿಸಿದ್ದರು. ಭೇದಿ ಶುರುವಾದ ಮೇಲೆ ಊಟವನ್ನೆಲ್ಲ ನಿಲ್ಲಿಸಿ ಗಂಜಿ ತಿಳಿಯೊಂದನ್ನೇ ಕೊಟ್ಟರು. ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂಬ ಈ ನಂಬಿಕೆಯೂ ಭೇದಿಯ ಜೊತೆ ಸೇರಿ ತೂಕ ಇಳಿಸುತ್ತದೆ. ಒಆರ್‌ಎಸ್, 14 ದಿನ ಜಿಂಕ್, ಊಟ ಮಾಮೂಲಿನಂತೆ, ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಎಂದು ತಿದ್ದಲಾಯಿತು. ಅಂದಿನಿಂದ ಬಾಟಲಿ ಪೂರ್ತಿ ಹೋಯಿತು.

36ನೇ ವಾರಕ್ಕೆ 6.66. ಒಂಬತ್ತು ತಿಂಗಳ ಲಸಿಕೆಯ ದಿನ 6.98. ಆ ಹೊತ್ತಿಗೆ ಡಬ್ಬಿ ಹಾಲು ದಿನಕ್ಕೆ ಎರಡು ಲೋಟಕ್ಕೆ ಇಳಿದಿತ್ತು, ಎದೆಹಾಲು ಮೊದಲಿನಷ್ಟು ಅಲ್ಲದಿದ್ದರೂ ಮರಳಿತ್ತು. ವರ್ಷ ತುಂಬಿದಾಗ 7.85 ಕಿಲೋ, ಹಿಮೋಗ್ಲೋಬಿನ್ 11.2. −1 ಗೆರೆ ಆ ವಯಸ್ಸಿಗೆ 7.9ರಲ್ಲಿದೆ. ತಂದೆಗೆ ಮಧ್ಯದ ಗೆರೆಯ 8.9 ಮುಟ್ಟಲಿಲ್ಲವಲ್ಲ ಎಂಬ ಕೊರಗು ಸ್ವಲ್ಪ ಉಳಿದಿತ್ತು. ಮೊದಲ ನಾಲ್ಕು ತಿಂಗಳು ಪಾಪು ತಾನಾಗಿ ಹಿಡಿದಿದ್ದ ಗೆರೆ ಅದೇ, ಅದರ ಮೇಲಕ್ಕೆ ತಳ್ಳುವ ಕಾರಣವಿಲ್ಲ ಎಂದು ಅವರಿಗೆ ನಕ್ಷೆ ಇಟ್ಟು ತೋರಿಸಬೇಕಾಯಿತು.

ಇಂಥ ಮಗುವನ್ನು ನೋಡುವವರಿಗೆ

ಹದಿನೇಳನೇ ವಾರದಲ್ಲಿ ಬೇಕಿದ್ದದ್ದು ಇನ್ನೊಂದು ತೂಕ, ಹಾಲು ಬದಲಿಸುವುದಲ್ಲ. ತೂಕ ಇಳಿದಿದೆ ಎಂದು ಯಾರಾದರೂ ಬಂದರೆ ಎರಡೂ ತೂಕ ಒಂದೇ ಯಂತ್ರದವೇ, ಬಟ್ಟೆ ಇತ್ತೇ, ಯಂತ್ರ ಯಾವುದರ ಮೇಲಿತ್ತು ಎಂದು ಮೊದಲು ಕೇಳಬೇಕು. ಆಮೇಲೆ ಮಗು ಎದೆಹಾಲು ಕುಡಿಯುವುದನ್ನು ಒಂದು ಸಲ ಪೂರ್ತಿ ಕೂತು ನೋಡಬೇಕು. ಚುರುಕಾಗಿ ಕುಡಿಯುವ ಮಗುವಿಗೆ ಒಂದು ವಾರ ಕಾದು ಮತ್ತೆ ತೂಗಿದರೆ ನಷ್ಟವಿಲ್ಲ. ಕುಡಿಯಲು ಒಲ್ಲದ, ಎಬ್ಬಿಸಿದರೂ ಏಳದ, ಮೂತ್ರ ತೀರ ಕಡಿಮೆಯಾದ, ಕುಡಿಯುವಾಗ ಬೆವರುವ ಮಗುವಿನ ವಿಷಯ ಬೇರೆ. ಅಲ್ಲಿ ಅದೇ ದಿನ ವೈದ್ಯರು ನೋಡಬೇಕು.

ಹಸಿರು ಪಟ್ಟಿ ನೋಡಿ ನಿಲ್ಲಬಾರದು. ಪಾಪು ಹಸಿರಿನೊಳಗೇ ಒಂದು ಇಡೀ ಗೆರೆಯಷ್ಟು ಕುಸಿದಿದ್ದಳು. ಎರಡು ತೂಕಗಳ ನಡುವಿನ ಏರಿಕೆಯನ್ನು ದಿನಗಳಿಂದ ಭಾಗಿಸಿ ಕಾರ್ಡ್‌ನ ಅಂಚಿನಲ್ಲಿ ಬರೆಯುವುದು ಅರ್ಧ ನಿಮಿಷದ ಕೆಲಸ.

ಅಜ್ಜಿಯನ್ನು ತಪ್ಪಿತಸ್ಥರಂತೆ ಕೂರಿಸದೆ ಅವರ ಕೈಯನ್ನೇ ಕೆಲಸಕ್ಕೆ ತೆಗೆದುಕೊಂಡದ್ದರಿಂದ ಈ ಪ್ರಕರಣ ಬಗೆಹರಿಯಿತು. ಹಗಲು ಹತ್ತು ಗಂಟೆ ಮಗುವಿಗೆ ಉಣಿಸುವವರು ಅವರು. ಸಲಹೆಯನ್ನು ಸಂಜೆ ಬರುವ ತಾಯಿಗೆ ಮಾತ್ರ ಹೇಳಿ ಕಳಿಸಿದ್ದರೆ ಮೂರು ಚಮಚ ಮೂರೇ ಆಗಿ ಉಳಿಯುತ್ತಿತ್ತು.

ಹದಿನಾಲ್ಕನೇ ವಾರದಿಂದ ಒಂಬತ್ತು ತಿಂಗಳವರೆಗಿನ ಅಂತರಕ್ಕೆ ಪರಿಹಾರ ಹತ್ತಿರದಲ್ಲೇ ಇದೆ. ವಿಳಾಸ ಬದಲಾಗಿದ್ದರೂ ತಾಯಿ ಕಾರ್ಡ್ ಹಿಡಿದು ಹತ್ತಿರದ ಅಂಗನವಾಡಿಗೋ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗಿ ಮಗುವನ್ನು ತೂಗಿಸಿ ಬರೆಸಿಕೊಳ್ಳಬಹುದು. ಹದಿನಾಲ್ಕನೇ ವಾರದ ಲಸಿಕೆ ಹಾಕಿದ ದಿನವೇ ಮುಂದಿನ ನಾಲ್ಕು, ಐದು, ಆರು, ಏಳು, ಎಂಟನೇ ತಿಂಗಳ ತೂಕದ ದಿನಾಂಕಗಳನ್ನು ಕಾರ್ಡ್‌ನಲ್ಲಿ ಪೆನ್ಸಿಲ್‌ನಲ್ಲಿ ಬರೆದು ಕೊಡಬೇಕು.